ತಿರುಪಿನ ಹದವನ್ನು ಕಂಡ ಜೋಸೆಫ್ ವಿಟ್‌ವರ್ತ್

ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ ಪಶ್ಚಿಮಕ್ಕೆ ಹೊರಟ ಹೆದ್ದಾರಿಯು ಮಂಜರಾಬಾದ್ ಕೋಟೆಯ ಗುಡ್ಡವನ್ನು ಹಾದು, ಮಾರನಹಳ್ಳಿಯನ್ನು ಹಿಂದಿಕ್ಕಿ, ಶಿರಾಡಿ ಘಾಟಿಗೆ ಇಳಿಯುತ್ತದೆ. ಈ ಸೀಮೆಯಲ್ಲಿ ಓಡಾಡುವ ವಾಹನಗಳಿಗೆ ಬಯಲುಸೀಮೆಯ ವಾಹನಗಳು ಕಾಣದ ಕಷ್ಟಗಳುಂಟು. ಮಳೆಗಾಲದ ತಿಂಗಳುಗಳಲ್ಲಿ ಚಕ್ರದ ನಟ್ಟುಗಳು ಕೆಸರಿನಲ್ಲಿ ನೆನೆದು ತುಕ್ಕು ಹಿಡಿಯುತ್ತವೆ. ತೋಟದ ಕಲ್ಲುದಾರಿಯ ಕುಲುಕಾಟವು ಒಂದೊಂದು ಬೋಲ್ಟನ್ನೂ ಸಡಿಲಿಸಲು ಹವಣಿಸುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ಕೆಂಡವಾಗುತ್ತದೆ. ಆದ್ದರಿಂದಲೇ ಸಕಲೇಶಪುರ, ಆಲೂರುಗಳ ಕಡೆಯ ಗ್ಯಾರೇಜುಗಳಲ್ಲಿ ಬಿಗಿ ಎಂಬ ಶಬ್ದಕ್ಕೆ ಬಹಳ ಮರ್ಯಾದೆ.

ಆದರೆ ಬಿಗಿಯೂ ಇಬ್ಬಾಯ ಖಡ್ಗವೇ. ಕೆಲವು ವರ್ಷಗಳ ಹಿಂದೆ ಆಲೂರಿನಾಚೆಯ ಬಂಧುಗಳ ತೋಟಕ್ಕೆ ಹೋಗುತ್ತಿದ್ದಾಗ ನನ್ನ ಹಳೆಯ ಕಾರು ದಾರಿಯಲ್ಲಿ ಮುಗ್ಗರಿಸತೊಡಗಿತು. ರಸ್ತೆಬದಿಯ ಗ್ಯಾರೇಜೊಂದರಲ್ಲಿ ಹೊಸ ಸ್ಪಾರ್ಕ್ ಪ್ಲಗ್ಗನ್ನು ಹಾಕಿದ ತರುಣನು, ಘಾಟಿಯಲ್ಲಿ ಸಡಿಲವಾದೀತೆಂಬ ಕಾಳಜಿಯಿಂದ, ಸ್ಪ್ಯಾನರಿನ ಹಿಡಿಗೆ ಒಂದು ಕೊಳವೆಯನ್ನು ತೊಡಿಸಿ ಮತ್ತೂ ಕಾಲು ಸುತ್ತು ತಿರುಪಿದ. ಮೊದಲು ತಡೆ ಹೆಚ್ಚಿತು. ಒಡನೆಯೇ, ಬೆಣ್ಣೆಯೊಳಗೆ ಬೆರಳಾಡಿಸಿದಂತೆ, ತಡೆಯೆಲ್ಲ ಮಾಯವಾಯಿತು. ಅಲ್ಯುಮಿನಿಯಮ್ ಹೆಡ್ಡಿನೊಳಗಿದ್ದ ತಿರುಪಿನ ಎಳೆಗಳು, ಅವರ ಮಾತಿನಲ್ಲಿ ಥ್ರೆಡ್ಡು, ಕಿತ್ತುಹೋಗಿದ್ದವು. ಹಿರಿಯ ಮೇಸ್ತ್ರಿ ಬಂದು ನೋಡಿ, ಹುಡುಗನನ್ನು ಬೈಯದೆ, ತನ್ನ ತೋರುಬೆರಳು ಹೆಬ್ಬೆರಳುಗಳನ್ನು ಉಜ್ಜಿ ತೋರಿಸಿದ. ತಿರುಪುವುದು ತೋಳಿನ ಕೆಲಸವಲ್ಲ, ಬೆರಳಿನ ಕೆಲಸ ಎಂದು ಅದರ ಅರ್ಥ. ಅಂಥ ಪ್ಲಗ್ಗಿಗೆ ಬೇಕಾದ ಬಲ ಸುಮಾರು 25 ನ್ಯೂಟನ್ ಮೀಟರು. ಎಂದರೆ ಒಂದು ಗೇಣಿಗೆ ತುಸು ಮಿಗಿಲಾದ ಹಿಡಿಯ ತುದಿಗೆ 10 ಕಿಲೋ ತೂಕವನ್ನು ತೂಗುಬಿಟ್ಟಷ್ಟು. ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವ ಪುಟ್ಟ ತಿರುಪಿಗೆ ಇದರ ಅರ್ಧವೂ ಬೇಕಿಲ್ಲ. ಚಕ್ರದ ನಟ್ಟಿಗಾದರೋ ಇದರ ನಾಲ್ಕು ಪಾಲು ಬೇಕು. ಮೂರನ್ನೂ ಬಿಗಿಯುವುದು ಅದೇ ಕೈ.

ಈ ಬಿಗಿತದ ವಿಚಾರವನ್ನು ಯೋಚಿಸುವಾಗಲೆಲ್ಲ ಕಳೆದ ಶತಮಾನಕ್ಕೂ ಹಿಂದಿನ ಒಬ್ಬ ಯಂತ್ರಶಿಲ್ಪಿಯ ನೆನಪು ನನಗೆ ಬರುತ್ತದೆ. ಬೋಲ್ಟಿಗೂ ನಟ್ಟಿಗೂ ಒಂದು ನಿಯಮವನ್ನು ಕೊಟ್ಟವನು ಆತ. ಬೆರಳಿನ ಅರಿವನ್ನು ಅಂಕಿಗೆ ಇಳಿಸಿದವನೂ ಆತನೇ.

ಜೋಸೆಫ್ ವಿಟ್‌ವರ್ತ್ ಹುಟ್ಟಿದುದು 1803ನೆಯ ಇಸವಿ ಡಿಸೆಂಬರ್ 21ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಮೀಪದ ಸ್ಟಾಕ್‌ಪೋರ್ಟಿನಲ್ಲಿ. ತಂದೆ ಚಾರ್ಲ್ಸ್ ಉಪಾಧ್ಯಾಯನಾಗಿದ್ದು ಮುಂದೆ ಪಾದ್ರಿಯಾದವನು. ತಾಯಿ ಇವನ ಬಾಲ್ಯದಲ್ಲಿಯೇ ತೀರಿಕೊಂಡಳು. ಹದಿನಾಲ್ಕರ ಪ್ರಾಯದಲ್ಲಿ ಹುಡುಗನನ್ನು ಡರ್ಬಿಷೈರಿನಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ಮಾವನ ಬಳಿಗೆ ಕಳುಹಿಸಿದರು. ವ್ಯಾಪಾರ ಕಲಿತು ಗಿರಣಿಯ ಪಾಲುಗಾರನಾಗಲಿ ಎಂಬುದು ಹಿರಿಯರ ಎಣಿಕೆ. ಹುಡುಗನ ಕಣ್ಣಾದರೋ ನೂಲಿನ ಮೇಲಿರಲಿಲ್ಲ, ನೂಲುವ ಯಂತ್ರದ ಮೇಲಿತ್ತು. ಆ ಯಂತ್ರಗಳ ಒರಟುತನ ಆತನನ್ನು ಕಾಡಿತು. ಕೆಲವು ವರ್ಷಗಳ ಬಳಿಕ ಗಿರಣಿಯನ್ನೂ ಮಾವನ ಮನೆಯ ಭವಿಷ್ಯವನ್ನೂ ಬಿಟ್ಟು, ಮ್ಯಾಂಚೆಸ್ಟರಿಗೆ ಹೋಗಿ, ಸಾಮಾನ್ಯ ಯಂತ್ರಗೆಲಸದವನಾಗಿ ಕೂಲಿಗೆ ಸೇರಿದ. ತನ್ನ ಬದುಕಿನ ಅತ್ಯಂತ ಸುಖದ ದಿನ ಕೂಲಿಗೆ ಸೇರಿದ ಆ ದಿನವೆಂದು ಆತ ಮುದಿತನದಲ್ಲಿ ನೆನೆಯುತ್ತಿದ್ದನೆಂದು ಹೇಳುತ್ತಾರೆ.

1825ರಲ್ಲಿ ಫ್ಯಾನಿ ಆಂಕರ್ಸ್ ಎಂಬಾಕೆಯನ್ನು ಮದುವೆಯಾಗಿ ಆತ ಲಂಡನ್ನಿಗೆ ಬಂದ. ಅಲ್ಲಿ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆ ಆ ಕಾಲದ ಯಂತ್ರವಿದ್ಯೆಯ ಗುರುಕುಲವಾಗಿತ್ತು. ಕಬ್ಬಿಣದ ಸರಳಿನ ಮೇಲೆ ಸಮನಾದ ತಿರುಪನ್ನು ಕೊರೆಯುವ ಕಡಸಲು ಯಂತ್ರವನ್ನು ರೂಢಿಗೆ ತಂದ ಮಹಾನುಭಾವ ಮಾಡ್ಸ್ಲೆ. ಆತನ ಮೇಜಿನ ಮೇಲೆ ಅಂಗುಲದ ಹತ್ತು ಸಾವಿರದಲ್ಲೊಂದು ಪಾಲನ್ನು ತೋರುವ ಅಳತೆಯ ಉಪಕರಣವೊಂದಿತ್ತು. ದೇಶದ ಪರಮೋಚ್ಚ ನ್ಯಾಯಾಧೀಶನ ಪದವಿಯ ಹೆಸರನ್ನೇ ಅದಕ್ಕೆ ಇಟ್ಟು, ಲಾರ್ಡ್ ಚಾನ್ಸಲರ್ ಎಂದು ಕರೆಯುತ್ತಿದ್ದರು. ಇಬ್ಬರು ಕೆಲಸಗಾರರಿಗೆ ಅಳತೆಯಲ್ಲಿ ವ್ಯಾಜ್ಯ ಬಂದರೆ ಅದರ ಮುಂದೆ ಹೋಗಬೇಕು, ಅಲ್ಲಿಂದಾಚೆಗೆ ಅಪೀಲಿಲ್ಲ! ಇಂಥ ವಾತಾವರಣದಲ್ಲಿ ವಿಟ್‌ವರ್ತ್ ಪಳಗಿದ. ಮುಂದೆ ಹೋಲ್ಟ್ಸಾಪ್ಫೆಲ್ ಎಂಬವರಲ್ಲಿಯೂ, ಚಾರ್ಲ್ಸ್ ಬ್ಯಾಬೇಜನ ಲೆಕ್ಕಮಾಡುವ ಯಂತ್ರವನ್ನು ಕಟ್ಟುತ್ತಿದ್ದ ಜೋಸೆಫ್ ಕ್ಲೆಮೆಂಟನಲ್ಲಿಯೂ ದುಡಿದು, 1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ, ಬಾಡಿಗೆಯ ಕೋಣೆಯಲ್ಲಿ ಸ್ವಂತ ಕೆಲಸ ಆರಂಭಿಸಿದ. ತಾನು ಲಂಡನ್ನಿನಿಂದ ಬಂದ ಉಪಕರಣಗಾರನೆಂದು ಬಾಗಿಲಲ್ಲಿ ಫಲಕ ಹಾಕಿದ್ದನಂತೆ. ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಬಂದ ದರ್ಜಿ ಊರಿನಲ್ಲಿ ಬೋರ್ಡು ಹಾಕಿದ ಹಾಗೆ.

ಅಂದಿನ ಕಾರ್ಖಾನೆಗಳ ಸ್ಥಿತಿಯನ್ನು ಇಂದಿನವರು ಊಹಿಸುವುದು ಕಷ್ಟ. ಅಂಗುಲದ ಹದಿನಾರನೆಯ ಪಾಲಿನಷ್ಟು ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎರಡು ಭಾಗಗಳು ಕೂಡದಿದ್ದರೆ ಅರದಿಂದ ಉಜ್ಜಬೇಕು, ಸುತ್ತಿಗೆಯಿಂದ ಬಡಿಯಬೇಕು, ಕೊನೆಗೆ ಬಲ ಹಾಕಿ ಬಿಗಿಯಬೇಕು. ಮೈ ಓರೆಯಾಗಿರುವ ಎರಡು ತಗಡುಗಳನ್ನು ಬೋಲ್ಟಿನ ಬಲದಿಂದ ಒತ್ತಿ ಕೂಡಿಸಿದರೆ, ಬಲ ಒಂದು ಮೂಲೆಗೇ ಬಿದ್ದು, ಒಂದು ದಿನ ಅಲ್ಲಿಯೇ ಸೀಳುತ್ತದೆ. ಸಮತಲವೇ ಸುಳ್ಳಾಗಿರುವಾಗ ಬಿಗಿತಕ್ಕೆ ಏನು ಅರ್ಥ? ವಿಟ್‌ವರ್ತ್ ಮೊದಲು ಕೈಹಾಕಿದುದು ಈ ಸಮತಲದ ಪ್ರಶ್ನೆಗೇ.

ಆವರೆಗೆ ಎರಡು ಲೋಹದ ಹಲಗೆಗಳ ನಡುವೆ ಕುರುಂದದ ಪುಡಿಯನ್ನು ಹಾಕಿ ಉಜ್ಜಿ ಸಮ ಮಾಡುವುದು ರೂಢಿ. ನಮ್ಮ ಬೀಸುಕಲ್ಲನ್ನು ಬಲ್ಲವರಿಗೆ ಇದರ ದೋಷ ಬೇಗ ತಿಳಿದೀತು. ಒಂದು ಹೋಳು ಉಬ್ಬಿ ಇನ್ನೊಂದು ಅಷ್ಟೇ ತಗ್ಗಾದರೂ ಎರಡೂ ಚೆನ್ನಾಗಿಯೇ ಕೂಡುತ್ತವೆ. ಕೂಡಿದ ಮಾತ್ರಕ್ಕೆ ಎರಡೂ ಸಮವೆಂದಾಗಲಿಲ್ಲ. ವಿಟ್‌ವರ್ತ್ ಮೂರು ಹಲಗೆಗಳನ್ನು ತೆಗೆದುಕೊಂಡ. ಒಂದಕ್ಕೆ ತೆಳುವಾಗಿ ಬಣ್ಣ ಹಚ್ಚಿ ಇನ್ನೊಂದರ ಮೇಲಿಟ್ಟರೆ ಉಬ್ಬಿದ ತಾಣಗಳಿಗೆ ಬಣ್ಣ ಅಂಟುತ್ತದೆ. ಅಷ್ಟನ್ನೇ ಹೆರೆಯುವ ಉಳಿಯಿಂದ ಕೆರೆಯುವುದು. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಒಂದನೆಯದಕ್ಕೆ ಹೊಂದುವ ತನಕ ಇದೇ ಕೆಲಸ. ಮೂರೂ ಒಂದಕ್ಕೊಂದು ಹೊಂದಬೇಕಾದರೆ ಮೂರೂ ನಿಜವಾಗಿ ಸಮವಾಗಿರಲೇಬೇಕು, ಬೇರೆ ದಾರಿಯೇ ಇಲ್ಲ. ಈ ವಿಧಾನವನ್ನು ಆತ 1840ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನ ಸಮ್ಮೇಲನದಲ್ಲಿ ವಿವರಿಸಿದ. ಉಜ್ಜುವುದಕ್ಕಿಂತ ಹೆರೆಯುವುದು ಮೇಲೆಂಬ ಈ ಮಾತು ಕೇಳುವುದಕ್ಕೆ ಅಲ್ಪವಾದುದು. ಯಂತ್ರಯುಗದ ನಿಖರತೆಯ ಬಹುಪಾಲು ಅದರ ಮೇಲೆ ನಿಂತಿದೆ.

ಮರುವರ್ಷ, 1841ರಲ್ಲಿ, ತಿರುಪಿನ ಸರದಿ. ಆಗ ಪ್ರತಿ ಕಾರ್ಖಾನೆಗೂ ಅದರದೇ ಎಳೆ. ಒಂದೇ ದಪ್ಪದ ಬೋಲ್ಟಿಗೆ ಒಬ್ಬ ಅಂಗುಲಕ್ಕೆ ಹತ್ತು ಎಳೆ ಕೊರೆದರೆ ಇನ್ನೊಬ್ಬ ಹನ್ನೆರಡು. ನಟ್ಟು ಕಳೆದುಹೋಯಿತೆಂದರೆ ಅದನ್ನು ಮಾಡಿದವನನ್ನೇ ಹುಡುಕಿಕೊಂಡು ಹೋಗಬೇಕು. ವಿಟ್‌ವರ್ತ್ ದೇಶದ ಪ್ರಮುಖ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ ಸಾಲಾಗಿ ಇಟ್ಟು ಅಳೆದ. ತನ್ನ ಎಳೆಯೇ ಶ್ರೇಷ್ಠವೆಂದು ಹಟ ಹಿಡಿಯದೆ ಅವುಗಳ ಸರಾಸರಿಯನ್ನು ತೆಗೆದ. ಎಳೆಗಳ ನಡುವಣ ಕೋನ 55 ಡಿಗ್ರಿ. ಕಾಲು ಅಂಗುಲದ ಬೋಲ್ಟಿಗೆ ಅಂಗುಲಕ್ಕೆ 20 ಎಳೆ, ಅರ್ಧ ಅಂಗುಲದ್ದಕ್ಕೆ 12, ಒಂದು ಅಂಗುಲದ್ದಕ್ಕೆ 8. ಎಳೆಯ ನೆತ್ತಿಯೂ ಬುಡವೂ ಚೂಪಾಗಿರದೆ ದುಂಡಗಿರಬೇಕು. ಚೂಪಾದ ಬುಡದಲ್ಲಿ ಬಿರುಕು ಹುಟ್ಟುತ್ತದೆಂಬುದು ಅನುಭವಿಗೆ ಗೊತ್ತು. ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಇದನ್ನು ಮಂಡಿಸಿದ ಮೇಲೆ ಒಂದೊಂದೇ ರೈಲ್ವೆ, ಒಂದೊಂದೇ ಕಾರ್ಖಾನೆ ಅದನ್ನು ಒಪ್ಪಿಕೊಂಡಿತು. ಇಪ್ಪತ್ತು ವರ್ಷಗಳೊಳಗೆ ಅದು ಬ್ರಿಟನ್ನಿನ ಸರ್ವಸಾಮಾನ್ಯ ತಿರುಪಾಯಿತು. ಅತ್ತ ಇದು ನಡೆಯುತ್ತಿದ್ದ ಕಾಲದಲ್ಲಿಯೇ, 1850ರ ದಶಕದಲ್ಲಿ, ಇತ್ತ ನಮ್ಮ ಮಂಜರಾಬಾದಿನ ಕಾಡುಗಳಲ್ಲಿ ರಾಬರ್ಟ್ ಎಲಿಯಟ್‌ನಂಥ ಬಿಳಿಯ ತೋಟಗಾರರು ಕಾಫಿ ಹಾಕತೊಡಗಿದ್ದರು. ಆಮೇಲಾಮೇಲೆ ಹಡಗೇರಿ ಬಂದು ಈ ಬೆಟ್ಟಗಳನ್ನು ಹತ್ತಿದ ಬ್ರಿಟಿಷ್ ಯಂತ್ರಗಳು, ಹಣ್ಣು ಸುಲಿಯುವ ಪಲ್ಪರಾಗಲಿ ನೀರೆತ್ತುವ ಪಂಪಾಗಲಿ, ವಿಟ್‌ವರ್ತನ ಎಳೆಯನ್ನೇ ಮೈಮೇಲೆ ಹೊತ್ತು ತಂದವು.

ಏಕರೂಪದ ಅಳತೆಯ ಫಲ ಎಂಥದೆಂಬುದು ಕ್ರಿಮಿಯಾ ಯುದ್ಧದ ಸಮಯದಲ್ಲಿ ತಿಳಿಯಿತು. ನೌಕಾಪಡೆಗೆ ತೊಂಬತ್ತು ದೋಣಿಗಳ ಎಂಜಿನ್ನುಗಳು ತಡವಿಲ್ಲದೆ ಬೇಕಾಗಿದ್ದವು. ಜಾನ್ ಪೆನ್ ಎಂಬ ಎಂಜಿನಿಯರು ಮಾದರಿಯ ಎಂಜಿನ್ನನ್ನು ಬಿಚ್ಚಿ, ಅದರ ಭಾಗಗಳನ್ನು ದೇಶದ ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಿದ. ಒಬ್ಬರ ಮುಖ ಒಬ್ಬರು ನೋಡದ ಕೆಲಸಗಾರರು ಮಾಡಿ ಕಳುಹಿಸಿದ ಭಾಗಗಳು ಒಂದೆಡೆ ಸೇರಿದಾಗ ಸುತ್ತಿಗೆಯ ಪೆಟ್ಟಿಲ್ಲದೆ ಹೊಂದಿಕೊಂಡವು.

ಇನ್ನು ನಮ್ಮ ಪ್ರಕೃತ ವಿಷಯಕ್ಕೆ ಬರುತ್ತೇನೆ. ವಿಟ್‌ವರ್ತ್ ಅದೇ ದಶಕದಲ್ಲಿ ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲನ್ನು ತೋರುವ ಯಂತ್ರವನ್ನು ಮಾಡಿದ. ಅದರ ಗಣಿತ ಸರಳ. ಅಂಗುಲಕ್ಕೆ 20 ಎಳೆಯುಳ್ಳ ಒಂದು ತಿರುಪು. ಆ ತಿರುಪಿನ ತಲೆಗೆ 200 ಹಲ್ಲಿನ ಚಕ್ರ. ಅದನ್ನು ಒಂದೊಂದೇ ಹಲ್ಲು ನೂಕುವ, ಅಂಚಿನಲ್ಲಿ 250 ಗೆರೆಗಳುಳ್ಳ ಮತ್ತೊಂದು ಚಕ್ರ. ಮೂರನ್ನೂ ಗುಣಿಸಿದರೆ ಹತ್ತು ಲಕ್ಷ. ಆದರೆ ಇಷ್ಟು ಸೂಕ್ಷ್ಮವಾಗಿ ತಿರುಗಿಸಿದ ತಿರುಪು ವಸ್ತುವನ್ನು ಮುಟ್ಟಿತೋ ಇಲ್ಲವೋ, ಮುಟ್ಟಿದ್ದರೆ ಹಿತವಾಗಿ ಮುಟ್ಟಿತೋ ಒತ್ತಿ ಹಿಸುಕಿತೋ ಎಂಬುದನ್ನು ತಿಳಿಯುವುದು ಹೇಗೆ? ಒತ್ತಿದರೆ ಉಕ್ಕೂ ಕುಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ. ಕಣ್ಣಿಗೆ ಅದು ಕಾಣದು. ವಿಟ್‌ವರ್ತ್ ಅಳೆಯುವ ವಸ್ತುವಿಗೂ ಯಂತ್ರದ ಮುಖಕ್ಕೂ ನಡುವೆ ಉಕ್ಕಿನ ಒಂದು ತೆಳುವಾದ ಬಿಲ್ಲೆಯನ್ನು ಇಟ್ಟ. ಅದರ ಎರಡು ಮುಖಗಳೂ ಆತನ ವಿಧಾನದಿಂದ ಸಮಗೊಂಡಂಥವು. ಬಿಲ್ಲೆಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ ಬಿಟ್ಟರೆ, ಬಿಗಿ ಸಾಲದಿದ್ದಾಗ ತನ್ನ ಭಾರಕ್ಕೆ ತಾನೇ ಜಾರಿ ಬೀಳುತ್ತದೆ. ಹದ ಬಂದ ಕ್ಷಣ ಬೀಳದೆ ಅಲ್ಲಿಯೇ ನಿಲ್ಲುತ್ತದೆ. ಬೀಳುವುದಕ್ಕೂ ನಿಲ್ಲುವುದಕ್ಕೂ ನಡುವೆ ಇರುವುದು ಚಕ್ರದ ಒಂದೇ ಒಂದು ಗೆರೆ! ಅಳೆಯುವ ಸರಳಿಗೆ ಕೈ ಒಂದು ಕ್ಷಣ ತಗುಲಿದರೆ ಮೈಬಿಸಿಯಿಂದ ಅದು ಹಿಗ್ಗಿದುದನ್ನೂ ಆ ಬಿಲ್ಲೆ ಹೇಳಿಬಿಡುತ್ತಿತ್ತು.

ನನಗೆ ವಿಟ್‌ವರ್ತನ ಕೃತಿಗಳಲ್ಲೆಲ್ಲ ಈ ಬಿಲ್ಲೆಯೇ ಹೆಚ್ಚು ಪ್ರಿಯ. ಬೆರಳನ್ನು ನಂಬಬೇಡ, ಅಂಕಿಯನ್ನು ನಂಬು ಎಂಬುದು ಆತನ ಬೋಧೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ದೃಷ್ಟಿಗಿಂತ ಸ್ಪರ್ಶವೇ ಸೂಕ್ಷ್ಮವೆಂದು ಆತ ಬಲವಾಗಿ ನಂಬಿದ್ದ. ಗೆರೆಯನ್ನು ನೋಡಿ ಅಳೆಯುವುದಕ್ಕಿಂತ ತುದಿಯನ್ನು ಮುಟ್ಟಿ ಅಳೆಯುವುದು ಮೇಲೆಂದು ಜೀವಮಾನವೆಲ್ಲ ವಾದಿಸಿದ. ಆತ ಮಾಡಿದುದಿಷ್ಟೆ: ಒಬ್ಬನ ಬೆರಳಿಗೆ ತಿಳಿದದ್ದು ಎಲ್ಲರ ಬೆರಳಿಗೂ ಒಂದೇ ರೀತಿ ತಿಳಿಯುವಂತೆ ಮಾಡಿದ. ಆಲೂರಿನಾಚೆಯ ಮೇಸ್ತ್ರಿಯ ಬೆರಳಿನಲ್ಲಿದ್ದ ಜ್ಞಾನ ಆ ಹುಡುಗನ ಬೆರಳಿಗೆ ಇಳಿಯಲು ಹತ್ತು ವರ್ಷ ಬೇಕು, ನಡುವೆ ಎಷ್ಟೋ ಹೆಡ್ಡುಗಳು ಹಾಳಾಗಬೇಕು.

ವಿಟ್‌ವರ್ತನ ಬಂದೂಕಿನ ಕತೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು. 1854ರಲ್ಲಿ ಸರಕಾರವು ಎನ್‌ಫೀಲ್ಡ್ ಬಂದೂಕುಗಳನ್ನು ಯಂತ್ರದಿಂದ ತಯಾರಿಸುವ ಬಗೆಯನ್ನು ಕೇಳಿತು. ಬಂದೂಕಿನ ಗುಣವೇ ಗೊತ್ತಿಲ್ಲದೆ ಯಂತ್ರ ಮಾಡುವುದಿಲ್ಲವೆಂದು ಹೇಳಿ, ಆತ ತನ್ನ ಮನೆಯ ಬಳಿ 500 ಗಜದ ಗುಂಡುಹಾರಿಸುವ ಮಾಳಿಗೆಯನ್ನು ಸರಕಾರದ ವೆಚ್ಚದಲ್ಲಿ ಕಟ್ಟಿಸಿಕೊಂಡ. ಬಿರುಗಾಳಿಗೆ ಅದು ಬಿತ್ತು, ಮತ್ತೆ ಕಟ್ಟಿಸಿದ. ಒಳಗೆ ಆರು ಮೂಲೆಯ ನಳಿಗೆಯುಳ್ಳ ಆತನ ಬಂದೂಕು 1857ರ ಪರೀಕ್ಷೆಯಲ್ಲಿ ಎನ್‌ಫೀಲ್ಡನ್ನು ಬಹು ದೂರ ಹಿಂದಿಕ್ಕಿತು. ಆದರೂ ನಳಿಗೆ ಕಿರಿದು, ಬೆಲೆ ಹೆಚ್ಚು ಎಂದು ಸೈನ್ಯದವರು ಅದನ್ನು ತಿರಸ್ಕರಿಸಿದರು. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿ ದಾರವೊಂದನ್ನು ಎಳೆದು ಆತನ ಬಂದೂಕನ್ನು ಹಾರಿಸಿದಾಗ ಗುಂಡು 400 ಗಜ ದೂರದ ಗುರಿಯ ನಟ್ಟನಡುವಿಗೆ ಒಂದೆರಡು ಅಂಗುಲದೊಳಗೆ ತಗುಲಿತು. ಅಮೆರಿಕೆಯ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರು ಅದನ್ನು ಬಳಸಿದರು. ಫಿರಂಗಿಗಳ ವಿಷಯದಲ್ಲಿ ಆರ್ಮ್‌ಸ್ಟ್ರಾಂಗನೊಡನೆ ನಡೆದ ಪೈಪೋಟಿ ವರ್ಷಗಟ್ಟಲೆ ಎಳೆಯಿತು. ಈ ವ್ಯಾಜ್ಯದಲ್ಲಿ ವಿಟ್‌ವರ್ತ್ ಒಂದು ಎಳೆಯಷ್ಟೂ ಸಡಿಲಗೊಳ್ಳಲಿಲ್ಲ. ತಿರುಪಿನ ಹದ ಬಲ್ಲವನಿಗೆ ಮಾತಿನ ಹದ ತಿಳಿಯದೆ ಹೋಯಿತೇನೋ. ಆತ ಸತ್ತ ಹತ್ತು ವರ್ಷಕ್ಕೆ, 1897ರಲ್ಲಿ, ಇಬ್ಬರ ಕಂಪನಿಗಳೂ ಒಂದಾಗಿ ಎರಡು ಹೆಸರುಗಳೂ ಒಂದೇ ಫಲಕದಲ್ಲಿ ಕುಳಿತವು.

ಸಂಪತ್ತು ಬಂತು, 1857ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು, 1869ರಲ್ಲಿ ಬ್ಯಾರನೆಟ್ ಪದವಿಯೂ ಬಂತು. ಮಕ್ಕಳಿರಲಿಲ್ಲ. 1868ರಲ್ಲಿ ವರ್ಷಕ್ಕೆ 3000 ಪೌಂಡುಗಳ ದತ್ತಿಯಿಟ್ಟು, ತಲಾ 100 ಪೌಂಡಿನ ಮೂವತ್ತು ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದ. ಅದರ ನಿಯಮ ನಮ್ಮ ಶಿಕ್ಷಕರ ಗಮನಕ್ಕೆ ಬರಬೇಕಾದಂಥದು. ಅಭ್ಯರ್ಥಿಗೆ ಗಣಿತ, ಭೌತವಿಜ್ಞಾನಗಳೂ ತಿಳಿದಿರಬೇಕು, ಅರವನ್ನೂ ಉಳಿಯನ್ನೂ ಹಿಡಿಯಲೂ ಬರಬೇಕು. ಕೈ ಬಲ್ಲವನಿಗೆ ಪುಸ್ತಕವಿಲ್ಲ, ಪುಸ್ತಕ ಬಲ್ಲವನಿಗೆ ಕೈಯಿಲ್ಲ ಎಂಬ ದುರವಸ್ಥೆಯನ್ನು ಕಂಡು ನೊಂದವನು ಆತ. 1887ನೆಯ ಜನವರಿ 22ರಂದು, ಚಳಿಗಾಲವನ್ನು ಕಳೆಯಲು ಹೋಗಿದ್ದ ಮಾಂಟೆ ಕಾರ್ಲೋದಲ್ಲಿ ತೀರಿಕೊಂಡ. ದೇಹವನ್ನು ತಂದು ಡರ್ಬಿಷೈರಿನ ಡಾರ್ಲಿ ಡೇಲ್‌ನಲ್ಲಿ ಮಣ್ಣು ಮಾಡಿದರು. ಮಾವನ ಗಿರಣಿಯಿದ್ದ ಸೀಮೆಯದು.

ಆದರೂ ಒಂದು ಕೆಲಸವನ್ನು ವಿಟ್‌ವರ್ತ್ ಬಿಟ್ಟುಹೋದ. ಎಳೆಯ ರೂಪವನ್ನು ಹೇಳಿದ, ನಟ್ಟನ್ನು ಎಷ್ಟು ಬಲದಿಂದ ತಿರುಪಬೇಕೆಂಬುದನ್ನು ಹೇಳಲಿಲ್ಲ. ಬಿಗಿದ ಬೋಲ್ಟು ಒಂದು ಸ್ಪ್ರಿಂಗು. ತಿರುಪಿದಂತೆ ಕೂದಲೆಳೆಯಷ್ಟು ಹಿಗ್ಗಿ, ಹಿಗ್ಗಿದ ಮೈಯನ್ನು ಮತ್ತೆ ಕುಗ್ಗಿಸಿಕೊಳ್ಳುವ ಹಟದಿಂದಲೇ ಎರಡು ಭಾಗಗಳನ್ನು ಹಿಡಿದಿರುತ್ತದೆ. ಹಿಗ್ಗು ಮಿತಿ ಮೀರಿದರೆ ಆ ಹಟ ಸತ್ತುಹೋಗುತ್ತದೆ. ತಮಾಷೆಯೆಂದರೆ ನಾವು ಹಾಕುವ ಬಲದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ, ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ಎಳೆಗಳ ನಡುವಣ ಉಜ್ಜುವಿಕೆಗೆ ವೆಚ್ಚ. ಆದ್ದರಿಂದ ಒಣ ಎಳೆಗೆ ಹೇಳಿದ ಬಲವನ್ನು ಎಣ್ಣೆ ಹಚ್ಚಿದ ಎಳೆಗೆ ಹಾಕಿದರೆ ಬೋಲ್ಟಿನ ಮೇಲೆ ಬೀಳುವ ಎಳೆತ ಎಷ್ಟೋ ಹೆಚ್ಚುತ್ತದೆ. ಮಳೆಸೀಮೆಯಲ್ಲಿ ತುಕ್ಕಿಗೆ ಹೆದರಿ ಎಲ್ಲಕ್ಕೂ ಎಣ್ಣೆ ಸವರುವವರು ಇದನ್ನು ನೆನಪಿನಲ್ಲಿಡಬೇಕು. ತಿರುಪುವ ಬಲವನ್ನು ತೋರುವ ಸ್ಪ್ಯಾನರು, ಇಂದು ಟಾರ್ಕ್ ರೆಂಚ್ ಎನ್ನುವುದು, ಬಂದುದು 1918ರ ಹೊತ್ತಿಗೆ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾಹರ್ ಎಂಬವನು, ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸಲು ಅದನ್ನು ಯೋಚಿಸಿದ. ಬಿಲ್ಲೆ ಬೀಳದೆ ನಿಂತಂತೆ, ಇಂದಿನ ಅಂಥ ಸ್ಪ್ಯಾನರು ಹದ ಬಂದೊಡನೆ ಟಿಕ್ಕೆಂದು ಸದ್ದು ಮಾಡುತ್ತದೆ.

ವಿಟ್‌ವರ್ತನ ಎಳೆ ಕಾರುಗಳಿಂದ ಮರೆಯಾಯಿತು. 1864ರಲ್ಲಿಯೇ ಅಮೆರಿಕೆಯ ವಿಲಿಯಂ ಸೆಲರ್ಸ್ 60 ಡಿಗ್ರಿಯ ಬೇರೆ ಎಳೆಯನ್ನು ಸೂಚಿಸಿದ್ದ. ಅದನ್ನು ಕೊರೆಯುವುದು ಸುಲಭ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬೋಲ್ಟುಗಳೇ ಪರಸ್ಪರ ಮಿತ್ರರಾಗಲಿಲ್ಲ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಗಳು ಸೇರಿ 60 ಡಿಗ್ರಿಯನ್ನೇ ಒಪ್ಪಿದವು. ಆಮೇಲೆ ಮೀಟರಿನ ಅಳತೆ ಬಂತು. ಹಳೆಯ ಬ್ರಿಟಿಷ್ ಕಾರುಗಳೂ ವಿಲ್ಲಿಸ್ ಜೀಪುಗಳೂ ಒಂದೇ ದಾರಿಯಲ್ಲಿ ಓಡುತ್ತಿದ್ದ ಕಾಲದಲ್ಲಿ ಮೇಸ್ತ್ರಿಗಳು ಎರಡು ಕಟ್ಟು ಸ್ಪ್ಯಾನರುಗಳನ್ನು ಇಟ್ಟುಕೊಳ್ಳಬೇಕಾಗಿತ್ತು. ಬ್ರಿಟಿಷ್ ಸ್ಪ್ಯಾನರಿನ ಮೇಲೆ ಕೊರೆದ ಅಂಕಿ ಬೋಲ್ಟಿನ ದಪ್ಪವನ್ನು ಹೇಳಿದರೆ, ಅಮೆರಿಕದ್ದು ತಲೆಯ ಅಗಲವನ್ನು ಹೇಳುತ್ತಿತ್ತು. ಒಂದರ ಬದಲು ಇನ್ನೊಂದನ್ನು ಹಾಕಿ ಮೂಲೆಗಳನ್ನು ಸವೆಸಿದ ಬೋಲ್ಟುಗಳು ಹಳೆಯ ತೋಟಗಳ ಷೆಡ್ಡುಗಳಲ್ಲಿ ಈಗಲೂ ಸಿಕ್ಕಾವು.

ನೀರಿನ ಕೊಳವೆಗಳಲ್ಲಿ ಮಾತ್ರ ಆತನ 55 ಡಿಗ್ರಿಯ ಎಳೆ ಉಳಿದುಕೊಂಡಿದೆ. ನಮ್ಮ ದೇಶದ ಪೈಪು, ನಲ್ಲಿಗಳ ತಿರುಪು ಇಂದಿಗೂ ಅದೇ. ನನ್ನ ಕಾರಿನ ಹೆಡ್ಡನ್ನು ಹಾಸನಕ್ಕೆ ಕಳುಹಿಸಿ, ಹೊಸ ಎಳೆಯ ಬಳೆಯನ್ನು ಕೂರಿಸಿ ತರಲು ಮೂರು ದಿನ ಹಿಡಿಯಿತು. ಈ ಸಲ ಪ್ಲಗ್ಗನ್ನು ಹುಡುಗನೇ ಹಾಕಿದ. ಮೇಸ್ತ್ರಿ ಪಕ್ಕದಲ್ಲಿ ನಿಂತು, ಮೊದಲು ಸ್ಪ್ಯಾನರಿಲ್ಲದೆ ಬರಿಯ ಬೆರಳಿನಿಂದ ಕೊನೆಯವರೆಗೂ ತಿರುಪಿಸಿದ, ಆಮೇಲೆ ಟಾರ್ಕ್ ರೆಂಚನ್ನು ಕೈಗೆ ಕೊಟ್ಟ. ಸದ್ದು ಕೇಳಿತು. ಹುಡುಗ ಎದ್ದು ಅಂಗಳದ ನಲ್ಲಿಯಲ್ಲಿ ಕೈತೊಳೆದು, ಅದನ್ನು ಎರಡು ಬೆರಳಿನಲ್ಲಿ ಹಿಡಿದು ತೊಟ್ಟಿಕ್ಕದಷ್ಟು ಮಾತ್ರ ತಿರುಪಿ ಬಂದ.